ಮೊದಲ ಕ್ರೋಶಾ ಹೊದಿಕೆ: ಯಾವ ದಾರ?

ಪ್ರಶ್ನೆ: ಇದುವರೆಗೆ ತೋರಣ, ಟೇಬಲ್ ಮ್ಯಾಟ್ ಅಷ್ಟೇ ಹಾಕಿದ್ದೇನೆ. ಈಗ ದೊಡ್ಡ ಹೊದಿಕೆ ಹಾಕುವ ಆಸೆ. ಕಾಟನ್ನೋ ಅಕ್ರಿಲಿಕ್ಕೋ? ಇನ್ನೊಂದು, ಒಂದು ವಿಡಿಯೋದಲ್ಲಿ ಡಬಲ್ ಕ್ರೋಶಾ ಅಂದ ಹೆಣಿಗೆಯನ್ನೇ ಇನ್ನೊಂದರಲ್ಲಿ ಟ್ರೆಬಲ್ ಅಂತಾರೆ, ತಲೆ ಕೆಟ್ಟುಹೋಗಿದೆ.

ಉತ್ತರ 1: ಅದು ಅಮೆರಿಕ, ಇಂಗ್ಲೆಂಡ್ ಹೆಸರುಗಳ ಗೊಂದಲ. ಅಮೆರಿಕದ ಸಿಂಗಲ್ ಇಂಗ್ಲೆಂಡಿನಲ್ಲಿ ಡಬಲ್, ಅಮೆರಿಕದ ಡಬಲ್ ಇಂಗ್ಲೆಂಡಿನಲ್ಲಿ ಟ್ರೆಬಲ್. ಪ್ಯಾಟರ್ನ್‌ನಲ್ಲಿ ‘ಸಿಂಗಲ್’ ಅಂತ ಕಂಡರೆ ಸಾಮಾನ್ಯವಾಗಿ ಅಮೆರಿಕದ್ದೇ.

ಉತ್ತರ 2: ಕಾಟನ್ ಬೇಡ ಕಣಮ್ಮಾ. ನಾನು ಹಾಕಿ ಒಗೆದಾಗ ಬಕೆಟ್ಟಿನಿಂದ ಎತ್ತೋಕೇ ಆಗಲಿಲ್ಲ, ಅಷ್ಟು ಭಾರ! ಅಕ್ರಿಲಿಕ್ ಹಗುರ, ಬೇಗ ಒಣಗುತ್ತದೆ. ಬಿಸಿ ಇಸ್ತ್ರಿ ಮಾತ್ರ ಇಡಬೇಡಿ. ಉಂಡೆಗಳನ್ನು ಒಟ್ಟಿಗೇ ತಗೊಳ್ಳಿ, ಲೇಬಲ್ ಮೇಲಿನ ಡೈ ಲಾಟ್ ನಂಬರ್ (ಯಾವ ಸಲ ಬಣ್ಣ ಹಾಕಿದ ದಾರ ಅನ್ನೋ ಗುರುತು) ಬೇರೆಯಾದರೆ ಅದೇ ಬಣ್ಣವೂ ಚೂರು ಬೇರೆ ಕಾಣಬಹುದು.

ಉತ್ತರ 3: ಮೊದಲು ಒಂದು ಸಣ್ಣ ಚೌಕ ಹಾಕಿ ಅಳೆಯಿರಿ. 10 ಸೆಂ.ಮೀ.ಗೆ 14 ಹೆಣಿಗೆ ಬಂದರೆ 150 ಸೆಂ.ಮೀ. ಅಗಲಕ್ಕೆ 210 ಬೇಕು. ಸಿಂಗಲ್‌ಗೆ ದಾರವೂ ಸಮಯವೂ ಜಾಸ್ತಿ, ಹೊದಿಕೆ ಗಟ್ಟಿಯಾಗುತ್ತದೆ. ಅಮೆರಿಕದ ಡಬಲ್ ಬೇಗ ಬೆಳೆಯುತ್ತದೆ. ಮೊದಲ ಸರಪಳಿ ಬಿಗಿಯಾದರೆ ಅಂಚು ಸುರುಟಿಕೊಳ್ಳುತ್ತದೆ, ಅದಕ್ಕೆ ಮಾತ್ರ ಒಂದು ಸೈಜ್ ದೊಡ್ಡ ಕಡ್ಡಿ ಹಿಡಿಯಿರಿ.

ಪ್ರಶ್ನೆ ಕೇಳಿದವರು: ಅಯ್ಯೋ, ಕಾಟನ್ ಆರು ಉಂಡೆ ತಂದಾಗಿದೆ. ಮತ್ತೆ ಟೇಬಲ್ ಮ್ಯಾಟೇ ಗತಿ!