ಸಹಾಯ ಬೇಕು: ಓದು ಮುಗಿದ ಮೇಲೆ ಯಾವ ಕೆಲಸ ಹಿಡಿಯಲಿ?

ಎಲ್ಲರಿಗೂ ನಮಸ್ಕಾರ. ಇನ್ನು 3 ತಿಂಗಳಿಗೆ ನನ್ನ ಕೊನೆಯ ಸೆಮಿಸ್ಟರ್ ಮುಗಿಯುತ್ತದೆ. ಆಮೇಲೆ ಮನೆಯವರ ಮುಂದೆ ಕೈ ಚಾಚದೆ ಬದುಕಬೇಕು ಅನ್ನುವ ಆಸೆ ಇದೆ. ನನ್ನ ಓದಿಗಾಗಿ ಅಪ್ಪ ಅಮ್ಮ ಈಗಾಗಲೇ ಸಾಲ ಮಾಡಿದ್ದಾರೆ.

ಒಂದು ಕಂಪನಿಯಿಂದ ಆಫರ್ ಬಂದಿದೆ. 6 ತಿಂಗಳು ಪ್ರೊಬೇಷನ್. ಆದರೆ ನಾನು ಓದಿದ್ದಕ್ಕೂ ಆ ಕೆಲಸಕ್ಕೂ ಸಂಬಂಧವೇ ಇಲ್ಲ. ನನ್ನ ವಿಷಯದಲ್ಲೇ ಒಂದು ಇಂಟರ್ನ್‌ಶಿಪ್ ಸಿಗುವ ಹಾಗಿದೆ, ಅಲ್ಲಿ ಕೊಡುವ ಹಣ ಬಾಡಿಗೆಗೂ ಸಾಲದು.

ಮೊನ್ನೆ ಲೆಕ್ಕ ಹಾಕಲು ಕೂತಾಗ ನಿಜಕ್ಕೂ ಭಯವಾಯಿತು. ಸಂಬಳ ಕೈಗೆ ಬರುವುದು ತಿಂಗಳು ದುಡಿದ ಮೇಲೆ. ಬಾಡಿಗೆ ಅಡ್ವಾನ್ಸ್ ಮಾತ್ರ ಮೊದಲೇ ಕೊಡಬೇಕು. ಅಂದರೆ ಕೆಲಸಕ್ಕೆ ಸೇರುವ ಮುಂಚೆಯೇ ಒಂದೆರಡು ತಿಂಗಳ ಖರ್ಚು ಕೈಯಲ್ಲಿರಬೇಕು, ಅಲ್ವಾ? ಟ್ಯೂಷನ್ ಹೇಳಿ ನಾನು ಉಳಿಸಿದ್ದು ಒಂದು ತಿಂಗಳಿಗೆ ಸಾಕಾದರೆ ಜಾಸ್ತಿ.

ಬೇರೆ ಕೆಲಸದಿಂದ ಶುರು ಮಾಡಿ, ಆಮೇಲೆ ತಮ್ಮ ವಿಷಯಕ್ಕೆ ಮರಳಿದವರು ಇಲ್ಲಿ ಯಾರಾದರೂ ಇದ್ದೀರಾ? ಇಂಟರ್‌ವ್ಯೂನಲ್ಲಿ ಅದನ್ನು ಹೇಗೆ ವಿವರಿಸಿದಿರಿ? ಪ್ರೊಬೇಷನ್ ಮುಗಿಯುವವರೆಗೆ ಮನೆಯಲ್ಲೇ ಇದ್ದು ಹಣ ಕೂಡಿಡುವುದು ಒಳ್ಳೆಯದಾ? ಆಫರ್‌ಗೆ ಉತ್ತರ ಕೊಡಲು ಇನ್ನು 10 ದಿನ ಇದೆ. ನಿಮ್ಮ ಅನುಭವ ಬರೆಯಿರಿ, ಪ್ಲೀಸ್.