ಆಟೋಕ್ಯಾಡ್ ನೋಟ್ಸಲ್ಲಿ √, ≤ ಹಾಕಿದ್ರೆ ಬರೀ ? ಬರ್ತಿದೆ, ಏನ್ ಮಾಡೋದು?

ಬಾರ್‌ಬೆಂಡಿಂಗ್‌ಹುಡುಗ:
ಎಲ್ರಿಗೂ ನಮಸ್ಕಾರ. ಸ್ಟ್ರಕ್ಚರಲ್ ಡ್ರಾಯಿಂಗ್‌ನ ಜನರಲ್ ನೋಟ್ಸ್ ಟೈಪ್ ಮಾಡ್ತಿದೀನಿ, ಐಎಸ್ 456 ಕಾಂಕ್ರೀಟ್ ಕೋಡಲ್ಲಿ ಕಾಂಕ್ರೀಟ್ ಮಾಡ್ಯುಲಸ್ಸಿಗೆ (ಅದರ ಬಿಗಿತ) 5000√ಎಫ್‌ಸಿಕೆ (ಎಫ್‌ಸಿಕೆ ಅಂದ್ರೆ ಕಾಂಕ್ರೀಟಿನ ಬಲ) ಅಂತ ಇದ್ಯಲ್ಲ ಅದನ್ನೂ ಹಾಕ್ಬೇಕು, ಇನ್ನೊಂದ್ ಲೈನಲ್ಲಿ ≤ ಬೇಕು. ಡಿಗ್ರಿ, ಪ್ಲಸ್ ಮೈನಸ್, ಡಯಾ (ವ್ಯಾಸದ ಚಿಹ್ನೆ) ಎಲ್ಲ %% ಕೋಡ್ ಹಾಕಿ ಆರಾಮಾಗಿ ಬರತ್ತೆ, ಚದರ ಮೀಟರಿನ ² ಕೂಡ ಬಂತು, ಈ ಎರಡು ಮಾತ್ರ ಎಲ್ಲಿಂದ ಕಾಪಿ ಮಾಡಿ ತಂದು ಹಾಕಿದ್ರೂ ಪ್ರಶ್ನೆ ಚಿಹ್ನೆ ಆಗ್ಬಿಡತ್ತೆ. ಟೆಕ್ಸ್ಟ್ ಸ್ಟೈಲಿನ ಫಾಂಟ್ ರೋಮನ್‌ಎಸ್ ಎಸ್‌ಎಚ್‌ಎಕ್ಸ್. ನಾಳೆ ಶೀಟ್ ಇಶ್ಯೂ ಮಾಡ್ಬೇಕು, ಯಾರಾದ್ರೂ ಹೇಳಿ.

ಗೆರೆಗಾರ:
ಪಾಲಿಲೈನಲ್ಲಿ √ ಬರ್ದು ಬ್ಲಾಕ್ (ಒಂದೇ ಚಿತ್ರ) ಮಾಡಿ ಇಟ್ಕೊಳ್ಳಿ ಗುರು, ಎರಡ್ ನಿಮಿಷದ ಕೆಲ್ಸ.

ಹಳೇಡ್ರಾಫ್ಟ್ಸ್‌ಮನ್:
ಬ್ಲಾಕ್ ಬ್ಯಾಡ್ರಿ. ನೋಟ್ಸ್ ಒಂದ್ ಲೈನ್ ಮ್ಯಾಲೆ ಕೆಳಗ ಆತಂದ್ರ ಆ √ ಅಲ್ಲೇ ಕುಂತಿರ್ತದ, ಅಕ್ಷರ ಮುಂದ ಹೋಗಿರ್ತಾವ.

ನಿಮ್ಮ ಟೈಪಿಂಗ್‌ನಾಗ ಏನೂ ತಪ್ಪಿಲ್ಲ, ಆ ಚಿಹ್ನೆ ನಿಮ್ಮ ಫಾಂಟ್‌ನಾಗ ಇಲ್ಲ ಅಷ್ಟ. ಎಸ್‌ಎಚ್‌ಎಕ್ಸ್ ಅಂದ್ರ ಗೆರಿ ಎಳದು ಮಾಡಿದ ಫಾಂಟ್, ಯಾವ ಅಕ್ಷರಕ್ಕ ಆಕಾರ ಬರದಾರೋ ಅಷ್ಟ ಕಾಣ್ತದ, ಉಳಿದದ್ದಕ್ಕ ?. ರೋಮನ್‌ಎಸ್, ಸಿಂಪ್ಲೆಕ್ಸ್‌ನಾಗ ², ³, ≠, ≈ ಇಂಥವೆಲ್ಲ ಸೇರಿಸ್ಯಾರ, ಅದಕ್ಕ ನಿಮಗ ² ಬಂತು. √ ಮತ್ತ ≤ ಆ ಪಟ್ಟಿಯೊಳಗ ಇಲ್ಲ.

ಹಿಂಗ್ ಮಾಡ್ರಿ. ನೋಟ್ಸ್ ಎಂಟೆಕ್ಸ್ಟ್ (ಹಲವು ಸಾಲಿನ ಟೆಕ್ಸ್ಟ್) ಇದ್ರ ಡಬಲ್ ಕ್ಲಿಕ್ ಮಾಡಿ ಬೇಕಾದ ಜಾಗದಾಗ \ಯು+2264 ಅಂತ ಹೊಡೀರಿ, ≤ ಅದು. ≥ ಬೇಕಂದ್ರ 2265. √ಗೆ \ಯು+221ಎ. ಯು, ಎ ಎರಡೂ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರದಾಗ, ನಡುವ ಜಾಗ ಬಿಡಬ್ಯಾಡ್ರಿ. ಆಮೇಲೆ ಆ ಒಂದ ಚಿಹ್ನೆ ಅಷ್ಟ ಸೆಲೆಕ್ಟ್ ಮಾಡಿ ಮ್ಯಾಲಿನ ಪಟ್ಟಿಯಾಗ ಫಾಂಟ್ ಏರಿಯಲ್ ಮಾಡ್ರಿ. ಇಡೀ ಸ್ಟೈಲ್ ಬದಲಿಸ್ಬ್ಯಾಡ್ರಿ, ಆ ಸ್ಟೈಲ್‌ನಾಗಿನ ಎಲ್ಲಾ ಟೆಕ್ಸ್ಟಿನ ಅಗಲ ಬದಲಾಗಿ ಟೇಬಲ್ ಹೊಂದಾಣಿಕಿ ಕೆಡ್ತದ.

ಗೆರೆಗಾರ:
ಒಪ್ಪಿದೆ. ಆದ್ರೆ ಇವ್ರು ಸಿಂಗಲ್ ಲೈನ್ ಟೆಕ್ಸ್ಟ್ ಹಾಕಿದ್ರೆ?

ಹಳೇಡ್ರಾಫ್ಟ್ಸ್‌ಮನ್:
ಅದ್ರಾಗ ಒಂದ ಫಾಂಟ್, ಮಿಕ್ಸ್ ಮಾಡಾಕ ಬರಂಗಿಲ್ಲ. ಟಿಎಕ್ಸ್‌ಟಿ2ಎಂಟಿಎಕ್ಸ್‌ಟಿ ಕಮಾಂಡ್ ಹೊಡದು ಮೊದಲ ಎಂಟೆಕ್ಸ್ಟ್ ಮಾಡ್ಕೋರಿ.

ಬಾರ್‌ಬೆಂಡಿಂಗ್‌ಹುಡುಗ:
ಬಂತು ಸರ್!! ≤ ಸೂಪರ್. ಎಫ್‌ ಪಕ್ಕ ಸಿಕೆ ಸಣ್ಣದಾಗಿ ಕೆಳಗೆ ಕೂರ್ಬೇಕಲ್ಲ ಅದಕ್ಕೆ? ಮತ್ತೆ √ ಮೇಲಿನ ಗೆರೆ ಎಫ್‌ಸಿಕೆ ಮೇಲೆ ಚಾಚ್ತಿಲ್ಲ, ಬೋಳಾಗಿ ಕಾಣ್ತಿದೆ. ಇನ್ನೂ ಒಂದು, ಏರಿಯಲ್ ಚಿಹ್ನೆ ಪಕ್ಕದ ಅಕ್ಷರಕ್ಕಿಂತ ದಪ್ಪ ಬಂದಿದೆ.

ಎಂಟೆಕ್ಸ್ಟ್‌ಪ್ರಿಯೆ:
ಸಿಕೆಗಿಂತ ಮೊದಲು ^ ಹಾಕಿ, ^ ಸಮೇತ ಸೆಲೆಕ್ಟ್ ಮಾಡಿ ಸ್ಟ್ಯಾಕ್ ಕೊಡಿ, ಕೆಳಗಿಳಿಯುತ್ತೆ. ಮೇಲಕ್ಕೆ ಬೇಕಿದ್ರೆ ^ ಅಕ್ಷರದ ನಂತರ ಬರ್ಬೇಕು, 2^ ಹಂಗೆ. ಗೆರೆಗೆ ಎಫ್‌ಸಿಕೆ ಸೆಲೆಕ್ಟ್ ಮಾಡಿ ಓವರ್‌ಲೈನ್ ಬಟನ್ ಒತ್ತಿ, ಪರ್ಫೆಕ್ಟಾಗಿ ಕೂಡಲ್ಲ, ಆದ್ರೆ ನೋಟ್ಸಿಗೆ ಸಾಕು. ದಪ್ಪ ಇರ್ಲಿ ಬಿಡಿ, ಏರಿಯಲ್ ಥರದ ಟ್ರೂಟೈಪ್ ಅಕ್ಷರ ಒಳಗೆ ತುಂಬಿರುತ್ತೆ, ಎಸ್‌ಎಚ್‌ಎಕ್ಸ್ ಹಂಗೆ ಪೆನ್ ಲೈನ್‌ವೇಟ್ (ಗೆರೆ ದಪ್ಪದ ಸೆಟ್ಟಿಂಗ್) ಕೇಳಲ್ಲ. ಹೈಟ್ ಸ್ವಲ್ಪ ಕಮ್ಮಿ ಮಾಡಿದ್ರೆ ಅಷ್ಟಾಗಿ ಎದ್ದು ಕಾಣಲ್ಲ.

ವರ್ಡಲ್ಲಿ ಇಕ್ವೇಷನ್ ಬರ್ದು ಓಎಲ್‌ಇ (ಬೇರೆ ಸಾಫ್ಟ್‌ವೇರಿನದನ್ನ ಡ್ರಾಯಿಂಗಲ್ಲಿ ಕೂರಿಸೋದು) ಮಾಡಿ ತರೋರೂ ಇದಾರೆ. ಇಡೀ ಕ್ಯಾಲ್ಕುಲೇಷನ್ ಶೀಟೇ ಆದ್ರೆ ಸರಿ, ಒಂದು √ಗೆ ಅದು ಅತಿಯಾಯ್ತು, ಫೈಂಡ್ ಕೊಟ್ಟು ಹುಡುಕಿದ್ರೆ ಅದರೊಳಗಿನ ಅಕ್ಷರ ಸಿಗೋದೂ ಇಲ್ಲ.

ಗೆರೆಗಾರ:
ನಂದೂ ಒಂದ್ ಡೌಟು. ಬೇರೆ ಆಫೀಸಿಂದ ಬಂದ ಫೈಲಲ್ಲಿ ರಾಡ್ ಸೈಜ್ ಮುಂದೆ ಡಯಾ ಬದ್ಲು ~ ಕಾಣತ್ತೆ. ಅವ್ರು ಕಳ್ಸಿರೋ ಪಿಡಿಎಫಲ್ಲಿ ಸರಿಯಾಗೇ ಇದೆ.

ಹಳೇಡ್ರಾಫ್ಟ್ಸ್‌ಮನ್:
ಅದು ಬ್ಯಾರೆ ಕತಿ. ಅವ್ರು ತಾವ ಮಾಡ್ಕೊಂಡ ಎಸ್‌ಎಚ್‌ಎಕ್ಸ್ ಇಟ್ಟಾರ, ~ ಕೀಗೆ ಡಯಾ ಆಕಾರ ಕೊಟ್ಟಾರ. ನಿಮ್ಮ ಸಿಸ್ಟಮ್‌ನಾಗ ಆ ಫೈಲ್ ಇಲ್ಲ, ಆಟೋಕ್ಯಾಡ್ ಫಾಂಟ್‌ಆಲ್ಟ್ ಅನ್ನೋ ಸೆಟ್ಟಿಂಗ್‌ನಾಗಿನ ಬದಲಿ ಫಾಂಟ್ ಹಾಕಿ ತೋರಸ್ತದ, ಅದ್ರಾಗ ~ ಅಂದ್ರ ~ನ. ಸ್ಟೈಲ್ ಡೈಲಾಗ್ ತಗದು ನೋಡ್ರಿ, ಸಿಗದ ಫಾಂಟ್ ಮುಂದ ಹಳದಿ ತ್ರಿಕೋನ ಇರ್ತದ. ಅವ್ರಿಗೆ ಇ-ಟ್ರಾನ್ಸ್‌ಮಿಟ್ (ಡ್ರಾಯಿಂಗ್ ಜೋಡಿ ಬೇಕಾದ ಫೈಲೆಲ್ಲ ಕಟ್ಟಿ ಕೊಡೋ ಕಮಾಂಡ್) ಮಾಡಿ ಕಳಸಾಕ ಹೇಳ್ರಿ, ಅದ್ರಾಗ ಫಾಂಟ್ ಸೇರಿಸೋ ಟಿಕ್ ಹಾಕಿದ್ರ ಫಾಂಟ್ ಜೋಡಿ ಬರ್ತಾವ. ಕೊಡಲಿಲ್ಲಂದ್ರ ಫೈಂಡ್ ರಿಪ್ಲೇಸ್‌ನಾಗ ~ ತಗದು %% ಆದ ಮ್ಯಾಲೆ ಇಂಗ್ಲಿಷ್ ಸಿ ಹಾಕ್ರಿ, ಅದು ಡಯಾ ಕೋಡ್, ಆದ್ರ ಎಲ್ಲೆ ನಿಜವಾದ ~ ಇತ್ತು ನೋಡ್ಕೊಂಡು ಮಾಡ್ರಿ.

ಬಾರ್‌ಬೆಂಡಿಂಗ್‌ಹುಡುಗ:
ಡೈಮೆನ್ಷನಲ್ಲೂ ಡಯಾ ಬೇಕಾಗತ್ತೆ, ಪ್ರತಿ ಸಲ ಟೈಪ್ ಮಾಡ್ಬೇಕಾ?

ಎಂಟೆಕ್ಸ್ಟ್‌ಪ್ರಿಯೆ:
ಬೇಡ. ಒಂದೆರಡಿದ್ರೆ ಟೆಕ್ಸ್ಟ್ ಎಡಿಟ್ ಮಾಡಿ <> (ಆಟೋಕ್ಯಾಡ್ ಅಳತೆ ತಾನೇ ತುಂಬೋ ಜಾಗ) ಎಡಕ್ಕೆ ಅದೇ ಡಯಾ ಕೋಡ್ ಹಾಕಿ, <> ಅಳಿಸ್ಬೇಡಿ, ಅಳಿಸಿ ನಂಬರ್ ಟೈಪ್ ಮಾಡಿದ್ರೆ ಆಮೇಲೆ ಅಳತೆ ಬದಲಾದ್ರೂ ಅದು ಬದಲಾಗಲ್ಲ. ತುಂಬಾ ಇದ್ರೆ ಡಯಾಗೇ ಅಂತ ಒಂದು ಡೈಮೆನ್ಷನ್ ಸ್ಟೈಲ್ ಮಾಡಿ, ಪ್ರೈಮರಿ ಯೂನಿಟ್ಸಲ್ಲಿ ಪ್ರಿಫಿಕ್ಸ್ ಜಾಗಕ್ಕೆ ಕೋಡ್ ಹಾಕ್ಬಿಡಿ.

ಬಾರ್‌ಬೆಂಡಿಂಗ್‌ಹುಡುಗ:
ಆಯ್ತು ಮೇಡಂ, ಬೇರೆ ಸ್ಟೈಲೇ ಮಾಡ್ದೆ. ಪಿಡಿಎಫ್ ತೆಗೆದು ನೋಡ್ದೆ, ಎಲ್ಲೂ ? ಇಲ್ಲ.