1968ರ ಚಾರ್ಜರ್: ಹಿಂಗಾಜಿನ ಕೆಳಗಿನ ತಗಡು ನಾನೇ ಮಾಡಲೇ? ಆಮ್ಮೀಟರ್ ಉಳಿಸಲೇ?

ಚಾರ್ಜರ್68:
ಎರಡು ವರ್ಷದಿಂದ 1968ರ ಡಾಡ್ಜ್ ಚಾರ್ಜರ್ ಒಂದನ್ನು ಬಿಚ್ಚಿ ಹರವಿಕೊಂಡಿದ್ದೇನೆ. ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಎಕ್ಸ್‌ಪಿ29ಎಚ್ ಅಂತ ಶುರುವಾಗುತ್ತದೆ. ಅಂದರೆ ಹೆಚ್ಚು ಶಕ್ತಿಯ ಆರ್/ಟಿ ಮಾದರಿ ಅಲ್ಲ, ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರಿನ 383 ಘನ ಇಂಚಿನ ಇಂಜಿನ್. ಹಿಂದಿನ ಸೀಟಿನ ಸ್ಪ್ರಿಂಗ್‌ಗಳ ನಡುವೆ ಬ್ರಾಡ್‌ಕಾಸ್ಟ್ ಶೀಟ್ (ಗಾಡಿಗೆ ಏನೇನು ಹಾಕಬೇಕೆಂದು ಕಾರ್ಖಾನೆ ಕೋಡ್‌ಗಳಲ್ಲಿ ಬರೆದ ಹಾಳೆ) ಕೂಡ ಸಿಕ್ಕಿತು. ಇಲಿ ಒಂದು ಮೂಲೆ ತಿಂದಿದ್ದರೂ ಕೋಡ್‌ಗಳು ಓದಲು ಬರುತ್ತವೆ. ಅದನ್ನು ನೋಡಿದ ಮೇಲೆ ಈ ಗಾಡಿಯಲ್ಲಿ ಏನನ್ನಾದರೂ ಕತ್ತರಿಸಬೇಕೆಂದರೆ ಕೈ ಹಿಂಜರಿಯುತ್ತದೆ.

ಮಿಷಿಗನ್‌ನಲ್ಲೇ ಓಡಿದ ಗಾಡಿ, ಚಳಿಗಾಲದ ರಸ್ತೆ ಉಪ್ಪು ತಳವನ್ನು ತಿಂದಿದೆ. ಅದಕ್ಕೆ ತಯಾರಾಗಿದ್ದೆ. ಆದರೆ ಹಿಂಗಾಜಿಗೂ ಡಿಕ್ಕಿ ಮುಚ್ಚಳಕ್ಕೂ ನಡುವಿನ ಡಚ್‌ಮನ್ ಪ್ಯಾನೆಲ್ ಪೂರ್ತಿ ಜರಡಿಯಾಗಿದೆ. ತರಿಸಿದ ಹೊಸ ಪ್ಯಾನೆಲಿನ ಬಾಗು ಚಪ್ಪಟೆ. ಮಧ್ಯಕ್ಕೆ ಕೂರಿಸಿದರೆ ಎರಡೂ ತುದಿಯಲ್ಲಿ 6 ಮಿಮೀ ಸಂದಿ. ಎಳೆದು ಬೆಸೆಯಬಹುದು, ಆದರೆ ಆಮೇಲೆ ಗಾಜು ಕೂರುತ್ತದೆಯೇ ಎಂಬ ಭಯ.

ಇನ್ನೆರಡು ಪ್ರಶ್ನೆ. ಹೆಡ್‌ಲೈಟ್ ಮುಚ್ಚುವ ಬಾಗಿಲಿನ ಬುಷ್‌ಗಳನ್ನು (ಪಿನ್ ತಿರುಗುವ ಉಂಗುರಗಳು) ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದೆ. ಒಂದೇ ಬೇಸಿಗೆಗೆ ಮೆತ್ತಗಾಗಿ, ಎಡಗಡೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಬೇರೆ ಯಾವುದರಲ್ಲಿ ಮಾಡಲಿ? ಮತ್ತೆ, ಡ್ಯಾಶ್‌ನ ಮೂಲ ಆಮ್ಮೀಟರ್ (ಕರೆಂಟ್ ಅಳೆಯುವ ಡಯಲ್) ಇಟ್ಟುಕೊಳ್ಳಲೇ, ತೆಗೆಯಲೇ?

ತಗಡುಕೆಲಸ:
ಪ್ಯಾನೆಲ್ ನೀವೇ ಮಾಡಿ. ನಾನು ಎರಡು ಚಾರ್ಜರ್‌ಗಳಿಗೆ ಮಾಡಿದ್ದೇನೆ, ಎರಡರ ಬಾಗೂ ಒಂದೇ ತರ ಇರಲಿಲ್ಲ.

ಮೊದಲು ಹಳೆಯದು ಯಾಕೆ ಹೋಯಿತು ಅಂತ ನೋಡಿ. ಈ ಗಾಡಿಯ ಹಿಂಗಾಜು ಎರಡು ಪಕ್ಕದ ರೆಕ್ಕೆಗಳ ನಡುವೆ ಒಳಸರಿದಿದೆ. ಮಳೆನೀರು, ಒಣಗಿದೆಲೆ ಎಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಗಾಜಿನ ಸುತ್ತಲಿನ ಸ್ಟೀಲ್ ಪಟ್ಟಿಯ ಕ್ಲಿಪ್‌ಗಳು ಬಣ್ಣವನ್ನು ಕೆರೆದಿರುತ್ತವೆ, ತುಕ್ಕು ಹಿಡಿಯುವುದು ಆ ಗೀರುಗಳಿಂದ. ಕ್ಲಿಪ್ ಮೊಳೆಗಳನ್ನು ಬಣ್ಣಕ್ಕೆ ಮೊದಲೇ ಬೆಸೆದು, ಸುತ್ತ ಎಪಾಕ್ಸಿ ಪ್ರೈಮರ್ ಕೊಡದೆ ಹೋದರೆ ಹೊಸ ತಗಡಿಗೂ ಅದೇ ಗತಿ.

ಹಳೆಯದನ್ನು ಕತ್ತರಿಸುವ ಮುಂಚೆ ರಟ್ಟಿನಲ್ಲಿ ಬಾಗಿನ ಮಾದರಿ ತೆಗೆಯಿರಿ: ಮಧ್ಯದಲ್ಲಿ ಒಂದು, ಎರಡೂ ತುದಿಯಲ್ಲಿ ಒಂದೊಂದು. ಕತ್ತರಿಸಿದ ಮೇಲೆ ಆ ಅಳತೆ ಎಲ್ಲೂ ಸಿಗುವುದಿಲ್ಲ. 20 ಗೇಜ್ ತಗಡು, ಅಂದರೆ ಸುಮಾರು 0.9 ಮಿಮೀ, ಸಾಕು. ಗಾಜು ಕೂರುವ ಅಂಚನ್ನು ಮೊದಲು ಮಡಿಚಿ, ಆಮೇಲೆ ಶ್ರಿಂಕರ್‌ನಲ್ಲಿ (ತಗಡಿನ ಅಂಚನ್ನು ಕುಗ್ಗಿಸಿ ಬಾಗಿಸುವ ಉಪಕರಣ) ಸ್ವಲ್ಪಸ್ವಲ್ಪವೇ ಎಳೆದುಕೊಂಡು ರಟ್ಟಿಗೆ ಹೊಂದಿಸಿ. ನನಗೆ ಮೊದಲ ಸಲ ಒಂದಿಡೀ ಭಾನುವಾರ ಹಿಡಿಯಿತು. ತಗಡು ರಟ್ಟಿನ ಮೇಲೆ ಬೆಳಕು ನುಸುಳದಂತೆ ಕೂತಾಗ ಆದ ಸಮಾಧಾನ ಇನ್ನೂ ನೆನಪಿದೆ.

ಬೆಸೆಯುವ ಮುಂಚೆ ಕ್ಲ್ಯಾಂಪ್ ಹಾಕಿ, ಗಾಜು, ಪಟ್ಟಿ, ಡಿಕ್ಕಿ ಮುಚ್ಚಳ ಮೂರನ್ನೂ ಕೂರಿಸಿ ನೋಡಿ. ಆಮೇಲೆ 0.6 ಮಿಮೀ ತಂತಿಯಲ್ಲಿ ಒಂದೊಂದೇ ಟ್ಯಾಕ್ (ಚುಕ್ಕೆಯಷ್ಟು ಬೆಸುಗೆ): ಒಂದು ಎಡತುದಿಗೆ, ಇನ್ನೊಂದು ಬಲತುದಿಗೆ, ಮತ್ತೊಂದು ಮಧ್ಯಕ್ಕೆ. ಬರಿಗೈ ಇಟ್ಟರೆ ತಡೆಯುವಷ್ಟು ಆರಿದ ಮೇಲೆಯೇ ಮುಂದಿನದು. ಒಂದೇ ಕಡೆ ಸಾಲಾಗಿ ಎಳೆದಿರೋ, ತಗಡು ಅಲೆಅಲೆಯಾಗುತ್ತದೆ.

ಲೇತ್‌ಮನೆ:
ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ದೀಪದ ಪಕ್ಕ ಅದು ಬೇಡ. ನೈಲಾನ್ ತೇವ ಹೀರಿ ಊದಿಕೊಳ್ಳುತ್ತದೆ, ಮಳೆಗಾಲದಲ್ಲಿ ಬಾಗಿಲು ಬಿಗಿಯುತ್ತದೆ. ಅಸಿಟಾಲ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಕಂಬಿ ತಂದು ಲೇತ್‌ನಲ್ಲಿ ತಿರುಗಿಸಿ, ಪಿನ್ನಿಗಿಂತ ರಂಧ್ರ 0.1 ಮಿಮೀ ದೊಡ್ಡದಿರಲಿ. ಆ ಬಾಗಿಲು ಎಳೆಯುವುದು ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಹೀರುವ ಸೆಳೆತ. ಮೆದುಗೊಳವೆ ಸೋರುತ್ತಿದ್ದರೆ ಎಷ್ಟು ಒಳ್ಳೆ ಬುಷ್ ಹಾಕಿದರೂ ಅರ್ಧಕ್ಕೇ ನಿಲ್ಲುತ್ತದೆ. ಅದನ್ನೇ ಮೊದಲು ಪರೀಕ್ಷಿಸಿ.

ತಗಡುಕೆಲಸ:
ಆಮ್ಮೀಟರ್ ಬಗ್ಗೆ ಹೇಳುವುದು ಮರೆತೆ. ಕಣ್ಣಿಗೆ ಕಾಣುವುದು ಕಾರ್ಖಾನೆಯದೇ ಇರಲಿ ಅನ್ನುವವನು ನಾನು, ಆದರೆ ಇಲ್ಲಿ ರಾಜಿ ಇಲ್ಲ, ತೆಗೆದುಬಿಡಿ. ಬ್ಯಾಟರಿಗೆ ಹೋಗುವ ಚಾರ್ಜಿಂಗ್ ಕರೆಂಟ್ ಪೂರ್ತಿ ಫೈರ್‌ವಾಲ್‌ನ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆ) ಬಲ್ಕ್‌ಹೆಡ್ ಕನೆಕ್ಟರ್ ದಾಟಿ ಒಳಗೆ ಬಂದು, ಆಮ್ಮೀಟರ್ ಹಾಯ್ದು, ಮತ್ತೆ ಅದೇ ಕನೆಕ್ಟರ್ ಮೂಲಕ ಹೊರಗೆ ಹೋಗುತ್ತದೆ. ಐವತ್ತು ವರ್ಷದ ಪಿನ್ನಿಗೆ ಕಿಲುಬು ಹಿಡಿದರೆ ಪ್ಲಾಸ್ಟಿಕ್ ಕರಗುತ್ತದೆ. ನಾನೊಮ್ಮೆ ಆ ಕನೆಕ್ಟರ್ ಎಳೆದಾಗ ಪಿನ್ ಕೈಗೆ ಬಂತು, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿತ್ತು. ಅದೇ ಗಾಡಿಯಲ್ಲಿ ಹಿಂದಿನ ರಾತ್ರಿ ಮಗಳನ್ನು ಕೂರಿಸಿಕೊಂಡು ಮನೆಗೆ ಬಂದಿದ್ದೆ.

ಆಮ್ಮೀಟರಿನ ಎರಡೂ ತಂತಿ ಕಳಚಿ ಒಂದಕ್ಕೊಂದು ಬೋಲ್ಟ್ ಮಾಡಿ, ಚೆನ್ನಾಗಿ ಮುಚ್ಚಿ. ಆಲ್ಟರ್ನೇಟರ್‌ನಿಂದ ಸ್ಟಾರ್ಟರ್ ರಿಲೇಗೆ ನೇರವಾಗಿ 10 ಗೇಜ್ ತಂತಿ ಎಳೆದು, ಅದಕ್ಕೆ 14 ಗೇಜ್ ಫ್ಯೂಸಿಬಲ್ ಲಿಂಕ್ (ಕರೆಂಟ್ ಮಿತಿಮೀರಿದರೆ ಕರಗಿ ಕಡಿಯುವ ತಂತಿ) ಹಾಕಿ. ಹಳೆ ಡಯಲ್ ಫಲಕದ ಹಿಂದೆ ವೋಲ್ಟ್‌ಮೀಟರ್ ಕೂರಿಸುವವರೂ ಇದ್ದಾರೆ, ಡ್ಯಾಶ್ ನೋಡಲು ಹಾಗೇ ಇರುತ್ತದೆ. ಬಿಚ್ಚಿದ ಆಮ್ಮೀಟರನ್ನು ಬ್ರಾಡ್‌ಕಾಸ್ಟ್ ಶೀಟ್ ಜೊತೆ ಡಬ್ಬಿಯಲ್ಲಿಡಿ.

ಚಾರ್ಜರ್68:
ಇವತ್ತೇ ಕನೆಕ್ಟರ್ ಎಳೆದು ನೋಡಿದೆ. ನನ್ನದೂ ಒಂದು ಪಿನ್ ಸುತ್ತ ಕಂದಾಗಿದೆ. ವೈರಿಂಗ್ ಈ ವಾರವೇ ಮುಗಿಸುತ್ತೇನೆ. ಮೂರೂ ರಟ್ಟಿನ ಮಾದರಿ ತೆಗೆದಾಯಿತು. ಎಡತುದಿಯ ಬಾಗು ಬಲತುದಿಗಿಂತ 2 ಮಿಮೀ ಹೆಚ್ಚು. ಹಾಗೇ ಉಳಿಸಲೇ, ಎರಡನ್ನೂ ಸಮ ಮಾಡಲೇ?

ತಗಡುಕೆಲಸ:
ಗಾಜು ಇಟ್ಟು ನೋಡಿ. ಗಾಜಿನಂಚಿಗೂ ತಗಡಿಗೂ ನಡುವಿನ ಸಂದಿ ಎರಡೂ ಕಡೆ ಒಂದೇ ಇದ್ದರೆ ಹಾಗೇ ಬಿಡಿ.